ಎಂಜಿನ್‌ಗೆ ಬೇಕಾದ ಇಂಧನ ವಿಮಾನದ ಮನೆ ಏರ್‌ಪೋರ್ಟಿನಲ್ಲಿ ನಿಂತುಹೋದಾಗ: ನಾಲ್ಕು ಪಾಲುದಾರರ ಒಂದು ಪ್ರಕರಣ

ನಾಲ್ಕು ಜನ ಪಾಲು ಹಾಕಿಕೊಂಡು ಇಟ್ಟುಕೊಂಡಿದ್ದ ಒಂದು ಹಳೇ ಸೆಸ್ನಾ 182, ಅಂದರೆ ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ಸಣ್ಣ ವಿಮಾನದ ಪ್ರಕರಣ ಇದು. ನಾಲ್ವರ ಹೆಸರೂ ಇಲ್ಲಿಲ್ಲ, ವಿಮಾನದ ನಂಬರೂ ಇಲ್ಲ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ. ಏರ್‌ಪೋರ್ಟಿನ ಹೆಸರು ಮಾತ್ರ ಮುಚ್ಚಿಟ್ಟು ಪ್ರಯೋಜನ ಇಲ್ಲ, ಅಲ್ಲಿ ನಡೆದದ್ದು ಎಲ್ಲರಿಗೂ ಗೊತ್ತಿರುವ ವಿಷಯ: ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಪೂರ್ವ ಭಾಗದ ರೀಡ್-ಹಿಲ್‌ವ್ಯೂ. ಪಾಲುದಾರರಲ್ಲಿ ಒಬ್ಬರು ಹಾಸನ ಕಡೆಯವರು. ಅವರ ಪರಿಚಯದಿಂದಲೇ ನಾನು ಇವರ ಕೆಲವು ಮೀಟಿಂಗ್‌ಗಳಲ್ಲಿ ಕೂತಿದ್ದೆ. ಪಾಲು ಇಲ್ಲದ, ಜಗಳ ಇಲ್ಲದ ಮೂರನೇ ಮನುಷ್ಯ ಬೇಕಿತ್ತು, ಅಷ್ಟೆ.

ಮೊದಲು ಜಾಗದ ಬಗ್ಗೆ. ರೀಡ್ ಅಣ್ಣತಮ್ಮಂದಿರು 1937ರಲ್ಲಿ ಇದನ್ನು ಶುರು ಮಾಡಿದಾಗ ಸುತ್ತ ಇದ್ದದ್ದು ಹಣ್ಣಿನ ತೋಟಗಳು. 1961ರಲ್ಲಿ ಸ್ಯಾಂಟಾ ಕ್ಲಾರಾ ಕೌಂಟಿ, ಅಂದರೆ ನಮ್ಮ ಜಿಲ್ಲಾಡಳಿತದಂಥದ್ದು, ಕೊಂಡುಕೊಂಡಿತು. 1971ರಲ್ಲಿ ಪಕ್ಕದಲ್ಲೇ ಈಸ್ಟ್‌ರಿಡ್ಜ್ ಮಾಲ್ ಎದ್ದಿತು. ಆಮೇಲೆ ಮನೆ, ಶಾಲೆ, ಮತ್ತೆ ಮನೆ. ಈಗ ಸುಮಾರು 180 ಎಕರೆ ಜಾಗದಲ್ಲಿ ಸುಮಾರು 3,100 ಅಡಿಯ ಎರಡು ರನ್‌ವೇ ಅಕ್ಕಪಕ್ಕ ಮಲಗಿವೆ, ಬೇಲಿ ದಾಟಿದರೆ ಯಾರದೋ ಹಿತ್ತಲು. ಜಕ್ಕೂರು ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಅಲ್ಲೂ ಮೊದಲು ಏರೋಡ್ರೋಮ್ ಬಂತು, ಊರು ಆಮೇಲೆ ಸುತ್ತುವರಿಯಿತು, ಕೊನೆಗೆ ಹೈವೇ ಮೇಲೆದ್ದು ರನ್‌ವೇಯನ್ನೇ ಗಿಡ್ಡ ಮಾಡಿತು.

ರೀಡ್-ಹಿಲ್‌ವ್ಯೂನಲ್ಲಿ ದೊಡ್ಡ ಕಂಪನಿಗಳ ವಿಮಾನ ಇಳಿಯುವುದಿಲ್ಲ, ಅದಕ್ಕೆ ಕೆಲವೇ ಮೈಲಿ ದೂರದಲ್ಲಿ ಸ್ಯಾನ್ ಹೋಸೆಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇದೆ. ಇಲ್ಲಿರುವುದು ತರಬೇತಿ ಶಾಲೆಗಳು, ಫ್ಲೈಯಿಂಗ್ ಕ್ಲಬ್‌ಗಳು, ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿಯ ವಿಮಾನಯಾನ ವಿಭಾಗ, ಮತ್ತೆ ನಮ್ಮ ನಾಲ್ವರಂಥ ಖಾಸಗಿ ಮಾಲೀಕರು.

ನಾಲ್ವರನ್ನು ಹೀಗೆ ಕರೆಯುತ್ತೇನೆ. ಹಿರಿಯರು: ರಿಟೈರ್ ಆದವರು, ಎಲ್ಲರಿಗಿಂತ ಮೊದಲು ವಿಮಾನ ಕೊಂಡವರು. ಡಾಕ್ಟರ್: ಗಂಡ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡೇ ಹಾರುವವರು. ಹಾಸನದವರು: ಸಾಫ್ಟ್‌ವೇರ್, ಏರ್‌ಪೋರ್ಟಿನ ಆಗ್ನೇಯಕ್ಕೆ ಕಾರಿನಲ್ಲಿ ಐದು ನಿಮಿಷದ ದೂರದಲ್ಲಿ ಮನೆ. ನಾಲ್ಕನೆಯವರು: ಲೆಕ್ಕಪತ್ರ ನೋಡಿಕೊಳ್ಳುವವರು, ವೀಕೆಂಡ್ ಬಂದರೆ ಉತ್ತರದ ಕಡೆ ದೂರ ದೂರ ಹೋಗುವವರು. ಇವರ ನಡುವೆ ಇದ್ದದ್ದು ಎರಡು ಪುಟದ ಹಳೇ ಕರಾರು. ದುಡ್ಡು, ಇನ್ಶೂರೆನ್ಸ್, ರಿಪೇರಿ, ಪಾಲು ಮಾರುವ ಬಗೆ ಅದರಲ್ಲಿತ್ತು. ಇಂಧನದ ಬಗ್ಗೆ ಒಂದೇ ಸಾಲು: ಕೊನೆಗೆ ಹಾರಿಸಿದವರು ಟ್ಯಾಂಕ್ ತುಂಬಿಸಿ ನಿಲ್ಲಿಸಬೇಕು. ಪಂಪು ನೂರು ಗಜ ದೂರದಲ್ಲಿ ಇರುವಾಗ ಇದಕ್ಕಿಂತ ಹೆಚ್ಚು ಯಾರು ಬರೆಯುತ್ತಾರೆ?

ತೊಂದರೆ ಶುರುವಾದದ್ದು

ಸಣ್ಣ ಪಿಸ್ಟನ್ ವಿಮಾನಗಳಿಗೆ ಹಾಕುವ ಮಾಮೂಲಿ ಇಂಧನ 100 ಎಲ್‌ಎಲ್. ನೀಲಿ ಬಣ್ಣದ್ದು. ಎಲ್‌ಎಲ್ ಅಂದರೆ ಸೀಸ ಕಡಿಮೆ ಅಂತ ಹೆಸರು, ಆದರೂ ಒಂದು ಗ್ಯಾಲನ್‌ಗೆ ಸುಮಾರು 2 ಗ್ರಾಂವರೆಗೆ ಸೀಸ ಇರಬಹುದು. ಜಾಸ್ತಿ ಒತ್ತಡದ ಎಂಜಿನ್ನಿನಲ್ಲಿ ಇಂಧನ ಹದವಾಗಿ ಉರಿಯುವ ಬದಲು ಒಮ್ಮೆಲೇ ಸಿಡಿದರೆ ಪಿಸ್ಟನ್ ಹಾಳಾಗುತ್ತದೆ. ಅದು ಆಗದಿರಲಿ ಅಂತ ಸೀಸದ ಸಂಯುಕ್ತ ಬೆರೆಸುತ್ತಾರೆ. ಕಾರಿನ ಪೆಟ್ರೋಲಿನಿಂದ ಸೀಸ ತೆಗೆದು ಎಷ್ಟೋ ಕಾಲವಾಯಿತು. ವಿಮಾನದ್ದು ಉಳಿದುಕೊಂಡಿದೆ.

2021ರ ಆಗಸ್ಟ್‌ನಲ್ಲಿ ಕೌಂಟಿ ತಾನೇ ಮಾಡಿಸಿದ ಒಂದು ಅಧ್ಯಯನ ಹೊರಬಂತು. ಏರ್‌ಪೋರ್ಟಿನ ಸುತ್ತಲಿನ ಮಕ್ಕಳ ರಕ್ತಪರೀಕ್ಷೆಯ ಸುಮಾರು 17,000 ಮಾದರಿಗಳನ್ನು ಅದು ನೋಡಿತ್ತು. ಏರ್‌ಪೋರ್ಟಿಗೆ ಹತ್ತಿರವಾದಷ್ಟೂ ರಕ್ತದಲ್ಲಿ ಸೀಸ ಜಾಸ್ತಿ, ಅದರಲ್ಲೂ ಗಾಳಿ ಹೊತ್ತು ತರುವ ಪೂರ್ವದ ಕಡೆಯ ಮನೆಗಳಲ್ಲಿ ಇನ್ನೂ ಜಾಸ್ತಿ ಅನ್ನುವುದು ಅದರ ತಿರುಳು. ಪೈಲಟ್‌ಗಳ ಕಡೆಯವರು ಒಪ್ಪಲಿಲ್ಲ, ರಾಜ್ಯದ ಅಂಕಿ ಅಂಶ ಬೇರೆ ಹೇಳುತ್ತದೆ ಅಂದರು. ಕೌಂಟಿಗೆ ಏರ್‌ಪೋರ್ಟ್ ಮುಚ್ಚಬೇಕೆಂಬ ಆಸೆ ಮುಂಚಿನಿಂದಲೂ ಇತ್ತು ಅನ್ನುವುದೂ ಸುಳ್ಳಲ್ಲ. ಕೇಂದ್ರದ ಅನುದಾನ ತಗೊಂಡ ಕರಾರು 2031ರವರೆಗೆ ಕಟ್ಟಿಹಾಕಿದೆ, ಇಲ್ಲದಿದ್ದರೆ ಯಾವತ್ತೋ ಮುಚ್ಚುತ್ತಿದ್ದರೋ ಏನೋ. ಅದೇ ಆಗಸ್ಟ್‌ನಲ್ಲಿ ಕೌಂಟಿಯ ಮಂಡಳಿ ಸೀಸದ ಇಂಧನ ನಿಲ್ಲಿಸಲು ತೀರ್ಮಾನ ಮಾಡಿತು. 2022ರ ಜನವರಿ 1ರಿಂದ ರೀಡ್-ಹಿಲ್‌ವ್ಯೂ, ಸ್ಯಾನ್ ಮಾರ್ಟಿನ್ ಎರಡೂ ಕೌಂಟಿ ಏರ್‌ಪೋರ್ಟುಗಳಲ್ಲಿ 100 ಎಲ್‌ಎಲ್ ಮಾರಾಟ ಬಂದ್. ಅದರ ಬದಲು ಸ್ವಿಫ್ಟ್ ಕಂಪನಿಯ ಸೀಸ ಇಲ್ಲದ ಯುಎಲ್ 94.

ನನ್ನ ಅಭಿಪ್ರಾಯ ಕೇಳಿದರೆ, ನಿಲ್ಲಿಸಿದ್ದು ಸರಿ. ನಾಲ್ಕೈದು ತಿಂಗಳಲ್ಲಿ, ಎಲ್ಲ ಎಂಜಿನ್‌ಗೂ ಆಗುವ ಬದಲಿ ಇಲ್ಲದೆ ನಿಲ್ಲಿಸಿದ್ದು ಸರಿ ಅಲ್ಲ. ಯುಎಲ್ 94 ಕಡಿಮೆ ಒತ್ತಡದ ಎಂಜಿನ್‌ಗಳಿಗೆ ಸಾಕು, ತರಬೇತಿಯ ಎಷ್ಟೋ ಸೆಸ್ನಾ 172ಗಳಿಗೆ ಅದು ನಡೆಯುತ್ತದೆ. ಆಕ್ಟೇನ್, ಅಂದರೆ ಇಂಧನ ಹಾಗೆ ಒಮ್ಮೆಲೇ ಸಿಡಿಯದೆ ತಾಳುವ ಶಕ್ತಿಯ ಅಳತೆ, 100 ಬೇಕೇ ಬೇಕು ಅನ್ನುವ ಎಂಜಿನ್‌ಗಳಿಗೆ ನಡೆಯುವುದಿಲ್ಲ.

ನಮ್ಮ ನಾಲ್ವರು ಆ ನಾಲ್ಕು ತಿಂಗಳನ್ನು ಹೇಗೆ ಕಳೆದರು? ಜಗಳದಲ್ಲಿ. ಕೌಂಟಿ ಮಾಡಿದ್ದು ರಾಜಕೀಯವೋ ವಿಜ್ಞಾನವೋ ಅಂತ. ಇಮೇಲ್ ಮೇಲೆ ಇಮೇಲ್. ಹಿರಿಯರಿಗೆ ಇದು ಏರ್‌ಪೋರ್ಟ್ ಕೊಲ್ಲುವ ಪಿತೂರಿ. ಡಾಕ್ಟರಿಗೆ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದ್ದರೂ ತಪ್ಪು. ನಾಲ್ಕನೆಯವರು ಕೋರ್ಟಿನಲ್ಲಿ ಬಿದ್ದುಹೋಗುತ್ತೆ ಬಿಡಿ ಅನ್ನುತ್ತಿದ್ದರು. ಹಾಸನದವರು ಸುಮ್ಮನಿದ್ದರು. ವಿಮಾನದ ಬಗ್ಗೆ ಯಾರೂ ಚಿಂತೆ ಮಾಡಲಿಲ್ಲ, ಯಾಕೆಂದರೆ ಎರಡು ಸಾಲು ಆಚೆ ನಿಲ್ಲುತ್ತಿದ್ದ ಇನ್ನೊಂದು 182ಕ್ಕೆ ಯುಎಲ್ 94 ಹಾಕುವ ಅನುಮತಿ ಪತ್ರ, ಅಂದರೆ ಎಸ್‌ಟಿಸಿ, ಸಿಕ್ಕಿತ್ತು. ಅದೂ 182, ನಮ್ಮದೂ 182, ಮತ್ತೇನು?

ಡಿಸೆಂಬರ್‌ನಲ್ಲಿ ಡಾಕ್ಟರ್ ಎಂಜಿನ್ ಮೇಲಿನ ಮುಚ್ಚಳ, ಅಂದರೆ ಕೌಲಿಂಗ್, ತೆಗೆಸಿ ಎಂಜಿನ್ನಿನ ಫಲಕ ಓದಿದರು. ಪಕ್ಕದವರದು ಇನ್ನೂ ಹಳೇ ವಿಮಾನ, ಎಂಜಿನ್ ಓ-470-ಆರ್, 80 ಆಕ್ಟೇನ್ ಕಾಲದ್ದು. ಇವರದು 70ರ ದಶಕದ ಕೊನೆಯದು, ಓ-470-ಯು. ಕೊನೇ ಅಕ್ಷರ ಒಂದೇ ಬೇರೆ. ಆದರೆ ಅದರ ಕಂಪ್ರೆಷನ್ 8.6, ಅಂದರೆ ಜಾಸ್ತಿ ಒತ್ತಡದ್ದು, ಅದಕ್ಕೆ 100 ಆಕ್ಟೇನ್ ಬೇಕು. ಯುಎಲ್ 94 ಹಾಕುವಂತಿಲ್ಲ, ಅರ್ಧ ಅದು ಅರ್ಧ ಇದು ಅಂತ ಬೆರೆಸುವಂತೆಯೂ ಇಲ್ಲ. ಫಲಕ ಓದುವುದು ಅರ್ಧ ಗಂಟೆ ಕೆಲಸ. ಆಗಸ್ಟ್‌ನಲ್ಲೇ ಓದಬಹುದಿತ್ತು, ಅಲ್ವಾ?

ಹಾಲಿಸ್ಟರ್ ದಾರಿ

ಮೂರು ದಾರಿ ಮೇಜಿನ ಮೇಲೆ ಬಂದವು. ವಿಮಾನವನ್ನು ಬೇರೆ ಕಡೆ ನಿಲ್ಲಿಸುವುದು ಒಂದು. ಸ್ಯಾನ್ ಮಾರ್ಟಿನ್ ಹತ್ತಿರ, ಆದರೆ ಅದೂ ಕೌಂಟಿಯದೇ, ಅಲ್ಲೂ ಇದೇ ಪಂಪು. ಉಳಿದ ಕಡೆ ಜಾಗಕ್ಕೆ ಸರದಿ, ಇಲ್ಲವೇ ಕಾರಿನಲ್ಲಿ ಒಂದು ಗಂಟೆ. ಮಾರಿಬಿಡುವುದು ಇನ್ನೊಂದು. ಆ ಮಾತು ಎತ್ತಿದ ಕೂಡಲೇ ಹಿರಿಯರ ಮುಖ ನೋಡಿ ಎಲ್ಲರೂ ಕೈಬಿಟ್ಟರು. ಉಳಿದದ್ದು, ಹೊರಗೆ ಹೋಗಿ ತುಂಬಿಸಿಕೊಂಡು ಬರುವುದು. ದಕ್ಷಿಣಕ್ಕೆ ಹಾಲಿಸ್ಟರ್ ಇದೆ. ಮಾರ್ಗನ್ ಹಿಲ್ ಮೇಲಿಂದ ಕಣಿವೆ ಹಿಡಿದು ಹೋದರೆ ಈ ವಿಮಾನಕ್ಕೆ ಇಪ್ಪತ್ತು ನಿಮಿಷದೊಳಗಿನ ಹಾದಿ. ಗಂಟೆಗೆ 12, 13 ಗ್ಯಾಲನ್ ಕುಡಿಯುವ ಎಂಜಿನ್ ಅದು. ಹೋಗಿ ಬರುವುದಕ್ಕೇ ಏಳೆಂಟು ಗ್ಯಾಲನ್ ಸುಡುತ್ತದೆ. ಇಂಧನ ತರುವುದಕ್ಕೆ ಇಂಧನ ಸುಡುವುದು. ಜೊತೆಗೆ ಸೀಸ ಅದೇ ಬಡಾವಣೆಯ ಮೇಲೆ ಇನ್ನೆರಡು ಸಲ ಬೀಳುವುದು. ಈ ಮಾತನ್ನು ಯಾರಾದರೂ ಎತ್ತಿದರೆ ಮೀಟಿಂಗ್ ಇನ್ನೊಂದು ಗಂಟೆ ಎಳೆಯುತ್ತಿತ್ತು.

ಕರಾರಿನ ಆ ಒಂದು ಸಾಲನ್ನು ಹಾಗೇ ಬಿಟ್ಟರು: ಕೊನೆಗೆ ಹಾರಿಸಿದವರು ತುಂಬಿಸಿ ನಿಲ್ಲಿಸಬೇಕು. ಇಲ್ಲೇ ಹಗ್ಗ ಜಡೆಗಟ್ಟಲು ಶುರುವಾದದ್ದು.

ಟ್ಯಾಂಕ್ ತುಂಬ ಅಂದರೆ ಬಳಸಬಹುದಾದ ಇಂಧನ 75 ಗ್ಯಾಲನ್. ಗ್ಯಾಲನ್‌ಗೆ 6 ಪೌಂಡ್ ಲೆಕ್ಕದಲ್ಲಿ 450 ಪೌಂಡ್, 200 ಕೆಜಿಗಿಂತ ಮೇಲೆ. ಒಬ್ಬರೇ ಹಾರುವ ಹಿರಿಯರಿಗೆ ಇದು ಏನೂ ಅಲ್ಲ. ನಾಲ್ಕು ಜನ, ಲಗೇಜು, ಒಂದು ಮಡಚುವ ತಳ್ಳುಗಾಡಿ ಸಮೇತ ಹೊರಡುವ ಡಾಕ್ಟರಿಗೆ ತೂಕ ಮಿತಿ ದಾಟುತ್ತದೆ. ಹಾಕಿದ ಇಂಧನ ಇಳಿಸುವುದು ದೊಡ್ಡ ರಗಳೆ. ಮುಂಚೆ ಆಗಿದ್ದರೆ ಒಂದು ಫೋನ್ ಮಾಡಿ, ಈ ಸಲ ಅರ್ಧ ಸಾಕು ಅಂದರೆ ಮುಗಿಯುತ್ತಿತ್ತು, ಕಡಿಮೆ ಬಿದ್ದರೆ ಪಂಪು ಅಲ್ಲೇ ಇತ್ತು. ಈಗ ಕಡಿಮೆ ಬಿಟ್ಟರೆ ಮುಂದಿನವರ ಬೆಳಗಿನ ಮೊದಲ ಕೆಲಸ ಹಾಲಿಸ್ಟರ್. ಸಂಜೆ ಏಳಕ್ಕೆ ಸುಸ್ತಾಗಿ ಬಂದವರಿಗೆ ಮನೆ ದಾಟಿ ಇಪ್ಪತ್ತು ನಿಮಿಷ ಆಚೆ ಹೋಗಿ ವಾಪಸ್ ಬರುವ ಮನಸ್ಸಾದರೂ ಎಲ್ಲಿ ಬರುತ್ತದೆ? ಹಾರಿದ ಹೊತ್ತಿಗೆ ಗಂಟೆ ಲೆಕ್ಕದಲ್ಲಿ ಕೊಡಬೇಕಾದ ದುಡ್ಡು ಆ ಹೋಗಿಬರುವ ಹೊತ್ತಿಗೂ ಅವರ ತಲೆಗೇ ಬೀಳುತ್ತಿತ್ತು ಬೇರೆ.

ಒಂದು ವರ್ಷದ ಹೊತ್ತಿಗೆ ನಿಯಮ ಕಾಗದದಲ್ಲಿ ಮಾತ್ರ ಉಳಿಯಿತು. ಟ್ಯಾಂಕು ಯಾವಾಗಲೂ ಎಲ್ಲೋ ನಡುವೆ. ಎಷ್ಟು ನಡುವೆ ಅನ್ನುವುದು ಅಂದಾಜು. ಯಾರೂ ಯಾರಿಗೂ ಬೈಯಲಿಲ್ಲ, ಎಲ್ಲರೂ ಅದನ್ನೇ ಮಾಡುತ್ತಿದ್ದರಲ್ಲ. ನಾನು ನೋಡಿದ ಮಟ್ಟಿಗೆ ಈ ಪ್ರಕರಣದ ಅತಿ ಅಪಾಯದ ಹೊತ್ತು ಇದೇ. ಅವಘಡ ಏನೂ ಆಗಿರಲಿಲ್ಲ, ಎಲ್ಲರೂ ಸಭ್ಯರು, ಎಲ್ಲರೂ ಅನುಭವಿಗಳು.

2023ರ ಬೇಸಿಗೆಯ ಒಂದು ಭಾನುವಾರ

ನಾಲ್ಕನೆಯವರು ಉತ್ತರದಿಂದ ವಾಪಸ್ ಬರುತ್ತಿದ್ದರು. ಹೊರಡುವಾಗಲೇ ಟ್ಯಾಂಕ್ ಪೂರ್ತಿ ಇರಲಿಲ್ಲ, ಡಾಕ್ಟರಿಗೆ ತೂಕ ಕಡಿಮೆ ಬೇಕಿತ್ತು ಅಂತ ಹಿಂದಿನವರು ಹಾಗೇ ಬಿಟ್ಟಿದ್ದರು. ಮನೆಗೆ ಬರುವ ಮುಂಚೆ ದಾರಿಯ ಒಂದು ಏರ್‌ಪೋರ್ಟಿನಲ್ಲಿ ಇಳಿದು ತುಂಬಿಸುವ ಪ್ಲಾನ್. ಇಳಿದರು. ಸೆಲ್ಫ್ ಸರ್ವ್ ಪಂಪು ಕಾರ್ಡ್ ತಗೊಳ್ಳಲಿಲ್ಲ. ಆಫೀಸಿಗೆ ಬೀಗ ಬಿದ್ದಿತ್ತು. ಗೇಜು ಎರಡೂ ಕಡೆ ಕಾಲು ಭಾಗ ತೋರಿಸುತ್ತಿತ್ತು. ಮನೆ ಇಪ್ಪತ್ತೈದು ನಿಮಿಷ. ಮಾರನೇ ದಿನ ಬೆಳಿಗ್ಗೆ ಆಫೀಸಿನಲ್ಲಿ ಮೀಟಿಂಗ್.

ಹೊರಟರು. ಏನೂ ಆಗದೆ ಇಳಿದರು. ಮಾರನೇ ದಿನ ತಾವೇ ಮೆಕ್ಯಾನಿಕ್‌ಗೆ ಹೇಳಿ ಟ್ಯಾಂಕಿನಲ್ಲಿದ್ದ ಇಂಧನ ಇಳಿಸಿ ಅಳೆಸಿದರು. ರಬ್ಬರ್ ಚೀಲದ ಟ್ಯಾಂಕುಗಳಲ್ಲಿ ಮಟ್ಟ ಕೆಳಗಿಳಿದಾಗ ಕೋಲು ಅದ್ದಿ ನೋಡಿದರೂ ಸರಿಯಾಗಿ ಸಿಗುವುದಿಲ್ಲ, ಅದಕ್ಕೇ ಇಳಿಸಿ ಅಳೆದದ್ದು. ಬಳಸಬಹುದಾದದ್ದು 4 ಗ್ಯಾಲನ್ ಉಳಿದಿತ್ತು. ಇಪ್ಪತ್ತು ನಿಮಿಷದ್ದು. ಹಗಲು ಹೊರಡುವಾಗ ತಲುಪುವ ಜಾಗಕ್ಕೆ ಸಾಕಾಗಿ ಮೇಲೆ ಅರ್ಧ ಗಂಟೆಯದ್ದು, ರಾತ್ರಿಯಾದರೆ ಮುಕ್ಕಾಲು ಗಂಟೆಯದ್ದು ಇರಬೇಕು ಅನ್ನುವುದು ಅಲ್ಲಿನ ಕಾನೂನು. ಸುತ್ತ ಮನೆಗಳು, ಮಾಲ್, ಆರು ಲೇನಿನ ರಸ್ತೆ. ಎಂಜಿನ್ ಅಲ್ಲಿ ನಿಂತಿದ್ದರೆ ಇಳಿಸುವುದಕ್ಕೆ ಜಾಗ ಅಂತ ಹೇಳುವಂಥದ್ದು ಏನೂ ಇಲ್ಲ.

ಇನ್ನೊಂದು ಸಂಗತಿ ಆಗ ಹೊಳೆಯಿತು. ಈಗ ವಿಮಾನ ತನ್ನ ಮನೆಯಲ್ಲೇ ಸಿಕ್ಕಿಬಿದ್ದಿದೆ. ಹಾಲಿಸ್ಟರ್‌ಗೆ ಹೋಗಲು ಸಾಕಾಗುವಷ್ಟು ಇಲ್ಲ, ಇಲ್ಲಿನ ಪಂಪಿನಲ್ಲಿ ಇರುವುದನ್ನು ಹಾಕುವಂತಿಲ್ಲ. ಕೊನೆಗೆ ಏರ್‌ಪೋರ್ಟಿನ ನಿಯಮ ಕೇಳಿಕೊಂಡು, ತಕ್ಕ ಕ್ಯಾನುಗಳನ್ನು ಕೊಂಡು, ಕಾರಿನಲ್ಲಿ ಹಾಲಿಸ್ಟರ್‌ವರೆಗೆ ಹೋಗಿ ತಂದು ಹಾಕಿದರು. ಹೋಗಿ ಬಂದವರು ಹಿರಿಯರು ಮತ್ತು ನಾಲ್ಕನೆಯವರು. ದಾರಿಯುದ್ದಕ್ಕೂ ಕೌಂಟಿಗೆ ಬೈದುಕೊಂಡು ಹೋದೆವು, ಬರುವಾಗ ಮಾತೇ ಆಡಲಿಲ್ಲ ಅಂತ ಹಿರಿಯರು ಆಮೇಲೆ ಹೇಳಿದರು.

ನಾಲ್ಕನೆಯವರು ಇಲ್ಲಿ ಮಾಡಿದ ಎರಡು ಕೆಲಸಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಬಚ್ಚಿಡದೆ ಮೂವರಿಗೂ ಅಂದೇ ಬರೆದರು. ನಾಸಾ ನಡೆಸುವ, ಹೆಸರು ಹೊರಗೆ ಬಿಡದ ಸುರಕ್ಷತಾ ವರದಿ ವ್ಯವಸ್ಥೆಗೂ ಕಳಿಸಿದರು. 1976ರಿಂದ ನಡೆಯುತ್ತಿರುವ ವ್ಯವಸ್ಥೆ ಅದು. ನಮ್ಮಲ್ಲಿ ಎಷ್ಟೋ ಕಡೆ ಹೀಗೆ ಬರೆದವರನ್ನೇ ಮೊದಲು ಹಿಡಿಯುತ್ತಾರೆ, ಅದು ಬೇರೆ ಮಾತು.

ಕರಾರು ಮತ್ತೆ ಬರೆದದ್ದು

ನಾನು ಕೂತ ಮೊದಲ ಮೀಟಿಂಗ್ ಇದಾದ ಮೇಲಿನದು. ಶುರುವಿನಲ್ಲಿ ಮಾತು ಮತ್ತೆ ಕೌಂಟಿ ಕಡೆಗೇ ಹರಿಯಿತು. ಡಾಕ್ಟರ್ ತಡೆದರು. ಕೌಂಟಿ ತಪ್ಪು ಅಂತಲೇ ಇಟ್ಟುಕೊಳ್ಳೋಣ, ಭಾನುವಾರ ಆ ಏರ್‌ಪೋರ್ಟಿನಿಂದ ಟೇಕಾಫ್ ಮಾಡಿಸಿದ್ದು ಕೌಂಟಿಯಾ ಅಂತ ಕೇಳಿದರು. ಸ್ವಲ್ಪ ಒರಟಾಗಿಯೇ ಇತ್ತು. ಆದರೆ ಅಲ್ಲಿಂದ ಮಾತು ದಾರಿಗೆ ಬಂತು.

ಅವರು ಮಾಡಿಕೊಂಡ ವ್ಯವಸ್ಥೆ ಬೇರೆಯವರಿಗೂ ಆಗುತ್ತದೆ, ಅದಕ್ಕೆ ವಿವರವಾಗಿ ಬರೆಯುತ್ತೇನೆ. ತುಂಬಿಸಿ ನಿಲ್ಲಿಸಬೇಕು ಅನ್ನುವ ಸಾಲು ತೆಗೆದುಹಾಕಿದರು. ಅದರ ಬದಲು ಮನೆಯಲ್ಲಿ ನಿಲ್ಲಿಸುವಾಗ 25 ಗ್ಯಾಲನ್‌ಗಿಂತ ಕಡಿಮೆ ಇರಬಾರದು, ಮುಂದಿನವರು ಕೇಳದ ಹೊರತು 45ಕ್ಕಿಂತ ಜಾಸ್ತಿಯೂ ಇರಬಾರದು ಅಂತ ಮಾಡಿದರು. 25 ಅಂದರೆ ಸುಮಾರು ಎರಡು ಗಂಟೆಯದ್ದು, ಹಾಲಿಸ್ಟರ್ ಪಂಪು ಕೆಟ್ಟಿದ್ದರೂ ಇನ್ನೊಂದು ಕಡೆ ಹೋಗಬಹುದು. 45 ಅಂದರೆ ಡಾಕ್ಟರ ಕುಟುಂಬ ಹತ್ತಬಹುದು. ಗಂಟೆ ಲೆಕ್ಕದ ದುಡ್ಡಿನಿಂದ ಇಂಧನವನ್ನು ಹೊರಗೆ ತೆಗೆದರು, ಸುಟ್ಟವರು ಸುಟ್ಟಷ್ಟು ಕೊಡುವುದು. ಬರೀ ಇಂಧನಕ್ಕೆ ಹಾಲಿಸ್ಟರ್‌ಗೆ ಹೋಗಿಬಂದರೆ ಆ ಹೊತ್ತು ನಾಲ್ವರ ಮೇಲೂ ಸಮ ಬೀಳುತ್ತದೆ. ಇದಾದ ಮೇಲೆ ಹಾಲಿಸ್ಟರ್ ಟ್ರಿಪ್ಪಿಗೆ ಹಿರಿಯರು ತಾವಾಗಿಯೇ ಮುಂದೆ ಬರತೊಡಗಿದರು. ಒಬ್ಬರೇ ಬೆಳಗಿನ ತಣ್ಣನೆ ಗಾಳಿಯಲ್ಲಿ ಹೋಗಿ, ಅಲ್ಲಿ ಕಾಫಿ ಕುಡಿದು ಬರುವುದು ಅವರಿಗೆ ಇಷ್ಟವೇ ಆಗಿತ್ತು. ಮುಂಚೆ ಅದಕ್ಕೆ ದುಡ್ಡು ಕೊಡುವುದು ಇಷ್ಟ ಇರಲಿಲ್ಲ, ಅಷ್ಟೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಕಲಮು. ದಾರಿಯಲ್ಲಿ ತುಂಬಿಸುವ ಪ್ಲಾನ್ ಕೈಕೊಟ್ಟರೆ ಅಲ್ಲೇ ನಿಲ್ಲಬೇಕು. ಟ್ಯಾಕ್ಸಿ, ಹೋಟೆಲ್, ಮಾರನೇ ದಿನ ವಿಮಾನ ತರುವ ಖರ್ಚು ನಾಲ್ವರ ಸಾಮೂಹಿಕ ಖಾತೆಯಿಂದ. ಯಾಕೆ ನಿಂತಿರಿ ಅಂತ ಯಾರೂ ಕೇಳುವಂತಿಲ್ಲ. ಭಾನುವಾರ ಸಂಜೆ ನಾಲ್ಕನೆಯವರ ಮುಂದೆ ಇದ್ದದ್ದು ಇಂಧನದ ಲೆಕ್ಕ ಒಂದೇ ಅಲ್ಲ. ನಿಂತರೆ ಆಗುವ ನಷ್ಟ ಪೂರ್ತಿ ತನ್ನದು, ಹೊರಟರೆ ಬಹುಶಃ ಏನೂ ಆಗುವುದಿಲ್ಲ ಅನ್ನುವುದೂ ಇತ್ತು. ಹುಷಾರಾಗಿರಿ ಅಂತ ಹೇಳುವುದಕ್ಕೆ ಖರ್ಚಿಲ್ಲ. ಹುಷಾರಾಗಿರುವುದರ ಬಿಲ್ ಯಾರು ಕಟ್ಟುತ್ತಾರೆ ಅಂತ ಬರೆದಿಟ್ಟಾಗಲೇ ಜನ ನಿಲ್ಲುತ್ತಾರೆ. ಮುಂದಿನ ವರ್ಷ ಇದನ್ನು ಬಳಸಿದವರು ಡಾಕ್ಟರ್. ಎರಡು ಮಕ್ಕಳ ಜೊತೆ ಒಂದು ಮೋಟೆಲ್‌ನಲ್ಲಿ ರಾತ್ರಿ ಕಳೆದರು, ಬಿಲ್ ಕಳಿಸಿದರು, ನಾಲ್ಕನೆಯವರು ಅದೇ ದಿನ ಪಾಸ್ ಮಾಡಿದರು.

ಹಾಸನದವರ ಪ್ರಶ್ನೆ

ಇಷ್ಟರಲ್ಲಿ ಕಥೆ ಮುಗಿಯಬೇಕಿತ್ತು. ಆದರೆ ಸುಮ್ಮನಿದ್ದವರೊಬ್ಬರು ಇದ್ದರಲ್ಲ. ಅವರ ಮನೆ ಇರುವುದು ಅಧ್ಯಯನ ಹೇಳಿದ ಗಾಳಿಯ ದಿಕ್ಕಿನಲ್ಲೇ. ಅವರಿಗೆ ಎರಡು ವರ್ಷ ತುಂಬದ ಮಗಳಿದ್ದಳು. ಊರಿಂದ ಬಂದಿದ್ದ ಅವರ ಅಮ್ಮ ಹಿತ್ತಲಲ್ಲಿ ಕೂತು ಮೊಮ್ಮಗಳಿಗೆ ಊಟ ಮಾಡಿಸುತ್ತಾ, ಮೇಲೆ ಹೋಗುವ ಒಂದೊಂದು ವಿಮಾನವನ್ನೂ ತೋರಿಸುತ್ತಿದ್ದರು. ಸೀಸದ ವಿಷಯ ಸೊಸೆಯಿಂದ ಗೊತ್ತಾಯಿತು. ಮಗನನ್ನು ಕೇಳಿದ್ದು ಇಷ್ಟೇ: "ಅಲ್ಲ ಕಣೋ, ನೀನು ಓಡ್ಸೋ ಇಮಾನದ ಹೊಗೆನೂ ಈ ಮಗೀನ ಮೇಲೇ ಬೀಳ್ತದಾ?"

ಅವರು ಲೆಕ್ಕ ಹಾಕಿದರು. ಗಂಟೆಗೆ 12 ಗ್ಯಾಲನ್, ಗ್ಯಾಲನ್‌ಗೆ 2 ಗ್ರಾಂವರೆಗೆ. ಗಂಟೆಗೆ 24 ಗ್ರಾಂ ಸೀಸ ಬರಬಹುದು. ಎಲ್ಲವೂ ಹಿತ್ತಲಿಗೆ ಬೀಳುವುದಿಲ್ಲ ನಿಜ. ಮಗಳ ರಕ್ತಪರೀಕ್ಷೆ ಮಾಡಿಸಿದರು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ ಎಚ್ಚರಿಕೆಯ ಮಟ್ಟವನ್ನು 5ರಿಂದ 3.5 ಮೈಕ್ರೋಗ್ರಾಂಗೆ ಇಳಿಸಿತ್ತು, ಒಂದು ಡೆಸಿಲೀಟರ್ ರಕ್ತಕ್ಕೆ. ಮಗುವಿನದು ಅದಕ್ಕಿಂತ ಕೆಳಗಿತ್ತು. ಡಾಕ್ಟರ್ ಪಾಲುದಾರರು ಧೈರ್ಯ ಹೇಳಿದರು, ಜೊತೆಗೆ ಸೀಸಕ್ಕೆ ಇಷ್ಟಾದರೆ ಪರವಾಗಿಲ್ಲ ಅನ್ನುವ ಮಟ್ಟ ಇಲ್ಲ ಅನ್ನುವುದನ್ನೂ ಹೇಳಿದರು. ಎರಡನೇ ಮಾತೇ ಇವರ ತಲೆಯಲ್ಲಿ ಉಳಿದದ್ದು. ಆಮೇಲೆ ಅವರ ಹಾರಾಟ ಕಡಿಮೆಯಾಯಿತು. ಕಾರಣ ಕೇಳಿದರೆ ಕೆಲಸ ಜಾಸ್ತಿ ಅನ್ನುತ್ತಿದ್ದರು.

2024ರ ಕೊನೆಯಲ್ಲಿ ಬಾಗಿಲು ತೆರೆದ ಹಾಗಾಯಿತು. ಒಕ್ಲಹೋಮಾದ ಗಾಮಿ ಕಂಪನಿಯ ಜಿ100ಯುಎಲ್, ಸೀಸವೂ ಇಲ್ಲ, ಆಕ್ಟೇನ್ ಕೂಡ 100. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2022ರ ಸೆಪ್ಟೆಂಬರ್‌ನಲ್ಲೇ ಅದಕ್ಕೆ ಎಲ್ಲ ಪಿಸ್ಟನ್ ಎಂಜಿನ್‌ಗಳಿಗೆ ಎಸ್‌ಟಿಸಿ ಕೊಟ್ಟಿತ್ತು. ಏರ್‌ಪೋರ್ಟಿನ ಪಂಪಿನಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ರೀಡ್-ಹಿಲ್‌ವ್ಯೂನಲ್ಲೇ. 100 ಎಲ್‌ಎಲ್ ಜೊತೆ ಬೆರೆಸಲೂಬಹುದು. ಹಾಸನದವರು ಅಂದೇ ಮೂವರಿಗೂ ಬರೆದರು: ಹಾಲಿಸ್ಟರ್ ಸಾಕು, ಎಸ್‌ಟಿಸಿ ತಗೊಳ್ಳೋಣ, ನನ್ನ ಪಾಲಿಗಿಂತ ಜಾಸ್ತಿ ದುಡ್ಡು ನಾನೇ ಹಾಕುತ್ತೇನೆ.

ಉಳಿದವರು ಹಿಂಜರಿದರು. ಅವರ ಹಿಂಜರಿಕೆಗೆ ಕಾರಣ ಇತ್ತು. ಸಿರಸ್ ಕಂಪನಿ ತನ್ನ ವಿಮಾನಗಳಿಗೆ ಈ ಇಂಧನವನ್ನು ತಾನು ಒಪ್ಪಿಲ್ಲ ಅಂತ 2024ರ ಜೂನ್‌ನಲ್ಲೇ ಹೇಳಿತ್ತು. ಚೆಲ್ಲಿದರೆ ಪೇಂಟ್ ಮೇಲೆ ಕಲೆ, ಸೀಲಂಟ್ ತೊಂದರೆ, ಸೋರಿಕೆ ಅಂತ ದೂರುಗಳು ಬರುತ್ತಿದ್ದವು. ತಯಾರಕರು ಅದಕ್ಕೆ ಹಳೇ ಟ್ಯಾಂಕು, ಹಳೇ ಪೇಂಟು ಕಾರಣ ಅನ್ನುತ್ತಿದ್ದರು. ಇವರ ವಿಮಾನಕ್ಕೆ ಪೇಂಟ್ ಹೊಸದು, ಕಲೆ ಬೀಳುವ ಭಯ. ರಬ್ಬರ್ ಟ್ಯಾಂಕು ಹಳೇದು, ಸೋರುವ ಭಯ. ಸೀಸ ಇಲ್ಲದ್ದು ಅಂದ ಮಾತ್ರಕ್ಕೆ ಎಲ್ಲವೂ ಸುಸೂತ್ರ ಅಲ್ಲ ಅನ್ನುವುದಕ್ಕೆ ನಾರ್ತ್ ಡಕೋಟಾ ಯೂನಿವರ್ಸಿಟಿಯ ಉದಾಹರಣೆಯೂ ಅವರ ಮುಂದಿತ್ತು: 2023ರಲ್ಲಿ ತರಬೇತಿ ವಿಮಾನಗಳಿಗೆ ಯುಎಲ್ 94 ಹಾಕಲು ಶುರು ಮಾಡಿ, ಎಂಜಿನ್ನಿನ ಒಳಗೆ ಎಕ್ಸಾಸ್ಟ್ ವಾಲ್ವ್ ಕೂರುವ ಸೀಟು ಸವೆಯುವುದು ಕಂಡು, ಕೆಲವೇ ತಿಂಗಳಲ್ಲಿ 100 ಎಲ್‌ಎಲ್‌ಗೆ ವಾಪಸಾದರು. ಅದು ಬೇರೆ ಇಂಧನ, ಬೇರೆ ಎಂಜಿನ್. ಆದರೂ ಹೆದರಿದವರಿಗೆ ಅಷ್ಟು ಸಾಕು.

ಹೊಸ ಕರಾರಿನಲ್ಲಿ, ಹಿಂದಕ್ಕೆ ತಿರುಗಿಸಲು ಕಷ್ಟವಾದ ಯಾವುದೇ ಬದಲಾವಣೆಗೆ ನಾಲ್ವರೂ ಒಪ್ಪಬೇಕು ಅಂತ ಇತ್ತು. ಇಬ್ಬರು ಹೂಂ ಅಂದರು, ಹಾಸನದವರು ಮತ್ತು ಡಾಕ್ಟರ್. ನಾಲ್ಕನೆಯವರು ಒಂದು ವರ್ಷ ಕಾಯೋಣ ಅಂದರು. ಹಿರಿಯರು ಬೇಡ ಅಂದರು. ಅಲ್ಲಿಗೆ ನಿಂತಿತು.

ಈ ಕಲಮು ಸರಿಯೋ ತಪ್ಪೋ ಅನ್ನುವುದರಲ್ಲಿ ನನಗೂ ಡಾಕ್ಟರಿಗೂ ಇವತ್ತಿಗೂ ಒಮ್ಮತ ಇಲ್ಲ. ಅವರ ಪ್ರಕಾರ, ಕಾಯುವುದು ಅನ್ನುವುದೂ ಒಂದು ತೀರ್ಮಾನವೇ, ಅದರ ಖರ್ಚು ಬೇಲಿ ಆಚೆಯವರ ಮೇಲೆ ಬೀಳುತ್ತದೆ, ಆದರೆ ಬೇಲಿ ಆಚೆಯವರಿಗೆ ಕರಾರಿನಲ್ಲಿ ವೋಟಿಲ್ಲ. ಮಾತಿನಲ್ಲಿ ಹುರುಳಿದೆ. ಆದರೆ ಹಾರಿಸುವವರಲ್ಲಿ ಒಬ್ಬರಿಗೆ ಟ್ಯಾಂಕಿನಲ್ಲಿ ಇರುವುದರ ಮೇಲೆ ನಂಬಿಕೆ ಇಲ್ಲದಿದ್ದರೆ ಆ ವಿಮಾನ ಹಂಚಿಕೊಳ್ಳುವುದು ಹೇಗೆ ಅನ್ನುವುದು ನನ್ನ ಪ್ರಶ್ನೆ. ಒಂದಂತೂ ನಿಜ. 2021ರಲ್ಲೇ ಹಾಸನದವರ ಮಾತು ಕೇಳಿದ್ದರೆ, ಅಂದರೆ ಸುಮ್ಮನಿದ್ದವರನ್ನು ಯಾರಾದರೂ ಒಮ್ಮೆ ಮಾತಾಡಿಸಿದ್ದರೆ, ಮೂರು ವರ್ಷ ಆದಮೇಲೆ ಅದು ಹೀಗೆ ಒಂದೇ ಇಮೇಲಿನಲ್ಲಿ ಸಿಡಿಯುತ್ತಿರಲಿಲ್ಲ.

ಅವರು ಜಗಳ ಆಡಲಿಲ್ಲ. ಪಾಲು ಮಾರುತ್ತೇನೆ ಅಂದರು. ಬೆಲೆ ಕಟ್ಟುವ ರೀತಿ ಕರಾರಿನಲ್ಲಿ ಮೊದಲೇ ಇದ್ದದ್ದರಿಂದ ಚೌಕಾಸಿ ಆಗಲಿಲ್ಲ. ಅದೇ ಏರ್‌ಪೋರ್ಟಿನಲ್ಲಿ, ಯುಎಲ್ 94 ಹಾಕುವ 172 ಇಟ್ಟಿರುವ ಒಂದು ಕ್ಲಬ್ ಸೇರಿದರು. ನಿಧಾನ, ನಾಲ್ಕು ಜನ ಕೂತರೆ ಇಂಧನ ಕಡಿಮೆ ಹಾಕಬೇಕು, ದೂರದ ಊರಿಗೆ ಹೋಗುವುದು ಕಷ್ಟ. ಆದರೆ ಪಂಪಿನಿಂದ ನೇರ ತುಂಬಿಸಿಕೊಂಡು ಹಾರುತ್ತಾರೆ, ಮುಂಚಿಗಿಂತ ಜಾಸ್ತಿಯೇ ಹಾರುತ್ತಾರೆ.

ಉಳಿದ ಮೂವರು ನಾಲ್ಕನೇ ಪಾಲಿಗೆ ಜನ ಹುಡುಕುತ್ತಿದ್ದಾರೆ. ಬಂದವರಿಗೆ ಮೊದಲು ತೋರಿಸುವುದು ಪೇಂಟನ್ನಲ್ಲ, 25ರಿಂದ 45ರ ಕಲಮನ್ನು. ಕ್ಯಾಲಿಫೋರ್ನಿಯಾದಲ್ಲಿ 2031ರ ಜನವರಿ 1ರಿಂದ ಸೀಸದ ವಿಮಾನ ಇಂಧನ ಮಾರುವಂತಿಲ್ಲ ಅಂತ 2024ರಲ್ಲಿ ಕಾನೂನಾಗಿದೆ, ಹಾಗಾಗಿ ಆ ಹೊತ್ತಿಗೆ ಹಾಲಿಸ್ಟರ್ ದಾರಿಯೂ ಮುಚ್ಚುತ್ತದೆ. ಗಂಟೆ ಲೆಕ್ಕದ ದುಡ್ಡಿಗೆ ಈಗ ಇನ್ನೊಂದು ಸಣ್ಣ ಮೊತ್ತ ಸೇರಿಸಿ ಬೇರೆ ಖಾತೆಯಲ್ಲಿ ಇಡುತ್ತಿದ್ದಾರೆ. ಅದು ಹೊಸ ರಬ್ಬರ್ ಟ್ಯಾಂಕಿಗೋ ಅಥವಾ ಬೇರೆ ಎಂಜಿನ್‌ಗೋ ಅನ್ನುವುದನ್ನು ಮುಂದಿನ ಓವರ್‌ಹಾಲ್ ಹೊತ್ತಿಗೆ ತೀರ್ಮಾನಿಸುತ್ತಾರಂತೆ. ಆ ಖಾತೆಗೆ ಮೊದಲ ಚೆಕ್ ಬರೆದವರು ಹಿರಿಯರು.